ಇಂದ್ರಾಣಿ ಟೀಚರ ಹೊಸ ಮುಖ

ಮುಖದ ವಯಸ್ಸು ನಲವತ್ತು ದಾಟಿದವರು ಪಾಠ ಮಾಡುವಂತಿಲ್ಲ ಎಂಬ ನಿಯಮ ಬಂದು ಬಹಳ ಕಾಲವಾಗಿತ್ತು. ಹಾಸನದ ಕಿವುಡ ಮಕ್ಕಳ ಶಾಲೆಯ ಇಂದ್ರಾಣಿ ಟೀಚರ್ ಐವತ್ತು ದಾಟಿದವರು. ಪ್ರತಿ ವರ್ಷ ಸುಕ್ಕು ತೆಗೆಯುವ ಲೇಸರ್, ಮೇಲ್ಚರ್ಮ ಸುಲಿಯುವ ಪೀಲ್, ಇಂಜೆಕ್ಷನ್ ಎಲ್ಲವನ್ನೂ ತಿಂಗಳಿಗೊಂದರಂತೆ ಮಾಡಿಸಿಕೊಂಡು ಮುಖದ ವಯಸ್ಸಿನ ತಪಾಸಣೆಗೆ ಹೋಗುತ್ತಿದ್ದರು. ಈ ಸಲ ಆ ತಿಂಗಳುಗಳೆಲ್ಲ ತಾಯಿಯ ಆಸ್ಪತ್ರೆ ಮಂಚದ ಪಕ್ಕದಲ್ಲೇ ಕಳೆದುಹೋದವು.

“ಮೂರನ್ನೂ ಒಟ್ಟಿಗೆ ಮಾಡಬಾರದು ಮೇಡಂ, ಮಧ್ಯೆ ಚರ್ಮಕ್ಕೆ ಬಿಡುವು ಬೇಕು. ಒಮ್ಮೆ ಮರಗಟ್ಟಿದ ಮುಖ ಮತ್ತೆ ಆಡಲ್ಲ,” ಎಂದರು ಚರ್ಮದ ಡಾಕ್ಟರ್ ನಫೀಸಾ.

“ಸೋಮವಾರವೇ ತಪಾಸಣೆ ಡಾಕ್ಟ್ರೇ. ನಾನು ಫೇಲಾದ್ರೆ ನನ್ನ ಮಕ್ಕಳಿಗೆ ಕೈಭಾಷೆ ಕಲಿಸೋರು ಇನ್ಯಾರೂ ಇಲ್ಲ. ಮಾಡ್ಬಿಡಿ.”

ತಪಾಸಣೆಯ ಯಂತ್ರ ಅವರ ಮುಖಕ್ಕೆ ಇಪ್ಪತ್ತೊಂಬತ್ತು ಎಂದಿತು. ಜೊತೆಯ ಟೀಚರುಗಳು ಚಪ್ಪಾಳೆ ತಟ್ಟಿದರು. ಇಂದ್ರಾಣಿ ನಗಲು ಹೋದರು, ತುಟಿ ಕದಲಲಿಲ್ಲ.

ಮಧ್ಯಾಹ್ನ ತರಗತಿಯಲ್ಲಿ ಪುಟ್ಟ ತುಳಸಿ ಊಟದ ಡಬ್ಬಿ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು. “ಊಟ ಆಯ್ತಾ?” ಎಂದು ಇಂದ್ರಾಣಿ ಕೈಸನ್ನೆಯಲ್ಲಿ ಕೇಳಿದರು. ಆ ಭಾಷೆಯಲ್ಲಿ ಹುಬ್ಬೇರಿಸಿದರೆ ಮಾತ್ರ ಅದು ಪ್ರಶ್ನೆ, ಇಲ್ಲದಿದ್ದರೆ ‘ಊಟ ಆಯ್ತು’ ಎಂದಷ್ಟೇ. ಹುಬ್ಬು ಏರಲಿಲ್ಲ. ಊಟದ ಹೊತ್ತು ಮುಗಿಯಿತು ಎಂದೇ ಟೀಚರ್ ಹೇಳುತ್ತಿದ್ದಾರೆಂದು ತಿಳಿದ ತುಳಸಿ, ಮುಚ್ಚಳ ತೆರೆಯದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು.

ಇಂದ್ರಾಣಿ ಮತ್ತೆ ಕೇಳಿದರು. ತುಳಸಿ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದಳು. ಅವಳ ಮುಂದೆ ಮಂಡಿಯೂರಿ ಕೂತು, ಇಂದ್ರಾಣಿ ತಮ್ಮ ಎರಡೂ ಹುಬ್ಬುಗಳನ್ನು ಬೆರಳುಗಳಿಂದ ಮೇಲಕ್ಕೆತ್ತಿ ಹಿಡಿದರು. ಕೇಳಲು ಆಗ ಅವರಿಗೆ ಕೈಗಳೇ ಉಳಿದಿರಲಿಲ್ಲ.