ಒಗೆದಿಟ್ಟ ಚಾದರ

ಹದಿಮೂರನೆಯ ದಿನದ ಊಟ ಮುಗಿದು ನೆಂಟರೆಲ್ಲ ಊರು ಸೇರಿದ ಮರುದಿನ ಬೆಳಿಗ್ಗೆ ಎಮ್ಮೆ ಎಂದಿನಷ್ಟೇ ಹಾಲು ಕೊಟ್ಟಿತು. ಪ್ರೊಮಿಲಾ ಅದನ್ನು ಕಾಯಲಿಟ್ಟಳು. ಗಂಡ ಜಗ್ಮೇಂದರ್ ಇಲ್ಲದಿದ್ದರೂ ಹಾಲು ಉಕ್ಕಿತು. ಅಷ್ಟರಲ್ಲಿ ಅಂಗಳಕ್ಕೆ ಹುಕ್ಕಾ ಬಂತು. ಅದರ ಹಿಂದೆಯೇ ಗೋತ್ರದ ಪಂಚಾಯತಿಯ ಐವರು ಹಿರಿಯರು.

ಹಿರಿಯರ ಎದುರು ಸೊಸೆ ಮಾತಾಡುವಂತಿಲ್ಲ. ಪ್ರೊಮಿಲಾ ಮುಸುಕೆಳೆದು ಬಾಗಿಲ ಮರೆಗೆ ನಿಂತಳು. ಅವಳ ಮಾತು ದಾಟಿಸಲು ಅತ್ತೆ ಭರ್ಪಾಯಿ ಹೊಸ್ತಿಲ ಮೇಲೆ ಕೂತಳು. ಪಂಚಾಯತಿಯ ಮುಖ್ಯಸ್ಥ ರಿಸಾಲ್ ಸಿಂಗ್ ವರಸೆಯಲ್ಲಿ ಭರ್ಪಾಯಿಗೆ ಮೈದುನ. ಅವನ ಮುಂದೆ ಅವಳ ನಾಲಿಗೆಗೆ ಮುಸುಕಿರಲಿಲ್ಲ.

ರಿಸಾಲ್ ಹೇಳಿದ್ದು ಇಷ್ಟು: ಹೊಲ ಮನೆಯಲ್ಲೇ ಉಳಿಯಬೇಕು, ಸೊಸೆಯೂ ಉಳಿಯಬೇಕು. ಸತ್ತವನ ತಮ್ಮ ಕುಲ್‌ಬೀರ್ ಇದ್ದಾನಲ್ಲ. ಪುರೋಹಿತ ಬೇಡ, ವಾಲಗ ಬೇಡ. ಅವನು ಅತ್ತಿಗೆಯ ತಲೆಗೊಂದು ಬಿಳಿ ಚಾದರ ಹೊದಿಸಿ, ಬೆಲ್ಲ ಹಂಚಿದರೆ ಮದುವೆ ಆದಂತೆ. ಕುಲ್‌ಬೀರ್ ಎಮ್ಮೆಯ ಬೆನ್ನನ್ನು ಮೂರನೆಯ ಸಲ ತೊಳೆಯುತ್ತಿದ್ದ.

"ಬೇಡ," ಎಂದಳು ಪ್ರೊಮಿಲಾ.

ಭರ್ಪಾಯಿ ಗಂಟಲು ಸರಿಮಾಡಿಕೊಂಡಳು. "ಹಿರಿಯರ ಮಾತು ತಲೆ ಮೇಲಿಟ್ಕೊಂಡಿದೀನಿ ಅಂತಾಳೆ. ಆದ್ರೆ ಕುಲ್‌ಬೀರ್‌ಗೆ ಕಿವಿ ಹಿಂಡಿ ಲೆಕ್ಕ ಕಲಿಸಿದೋಳು ನಾನು, ಅವನಿಗೆ ಹೆಂಡ್ತಿ ಹೇಗಾಗ್ಲಿ ಅಂತಾಳೆ. ಸೋಮವಾರದಿಂದ ಜೀಂದ್ ಪೇಟೆ ಶಾಲೆಗೆ ಪಾಠ ಮಾಡೋಕೆ ಹೋಗ್ತಾಳಂತೆ."

"ಅಷ್ಟೆಲ್ಲ ಯಾವಾಗ ಹೇಳಿದ್ಲು, ಅತ್ತಿಗೆ?" ಎಂದು ರಿಸಾಲ್ ಭರ್ಪಾಯಿಯನ್ನು ಕೇಳಿದ. " ನಂಗೆ ಒಂದೇ ಮಾತು ಕೇಳಿಸ್ತು."

"ಎಂ.ಎ. ಓದಿದಾಳೆ ರಿಸಾಲ. ಒಂದರಲ್ಲೇ ಎಲ್ಲಾ ಅಡಗಿಸ್ತಾಳೆ."

ಉಳಿದ ನಾಲ್ವರಲ್ಲಿ ಒಬ್ಬನಿಗೆ ಹೊಗೆ ನೆತ್ತಿಗೇರಿತು. ರಿಸಾಲ್ ಬಿಡಲಿಲ್ಲ. "ಗಂಡ ಸತ್ತಾಗ ನಿಂಗೂ ಹೀಗೇ ಚಾದರ ಹೊದಿಸಿದ್ರು. ನೀನೇನು ಕೆಟ್ಟೆ?"

"ಕೆಡಲಿಲ್ಲಪ್ಪ. ನಲವತ್ತು ವರ್ಷ ಸೆಕೆ ಆಯ್ತು, ಅಷ್ಟೆ."

ರಿಸಾಲ್‌ನ ತಾಳ್ಮೆ ಮುಗಿಯಿತು. ಹೆಂಗಸರ ಜೊತೆ ವಾದ ಸಾಕು, ಮನೆಯಲ್ಲಿರುವ ಬಿಳಿ ಚಾದರ ತರಿಸು ಎಂದ. ಪ್ರೊಮಿಲಾ ತಾನೇ ಒಳಗೆ ಹೋಗಿ ಚಾದರ ತಂದಳು. ಹುಕ್ಕಾ ಸಂತೋಷದಿಂದ ಗುಡುಗುಡು ಎಂದಿತು. ಎಮ್ಮೆಯ ಬೆನ್ನ ಮೇಲೆ ಕುಲ್‌ಬೀರನ ಕೈ ನಿಂತಿತು. ಆದರೆ ಅವಳು ಅತ್ತೆಯ ಬಳಿ ನಿಲ್ಲಲಿಲ್ಲ. ಅಂಗಳ ದಾಟಿ, ಮಡಿಸಿದ ಚಾದರವನ್ನು ರಿಸಾಲ್‌ನ ತೊಡೆಯ ಮೇಲಿಟ್ಟಳು. ಅದರ ಮೂಲೆಯಲ್ಲಿ ಕೆಂಪು ದಾರದಿಂದ ಅವನ ಹೆಂಡತಿ ಕಸೂತಿ ಹಾಕಿದ ಅವನದೇ ಹೆಸರಿತ್ತು.

"ಇದು ನಿಮ್ಮನೇದು, ಚಿಕ್ಕಮಾವ. ನಮ್ಮ ಮದುವೇಲಿ ನೆಂಟರಿಗೆ ಹಾಸೋಕೆ ಅಂತ ನಮ್ಮನೆಯವರು ಇಸ್ಕೊಂಡು ಬಂದಿದ್ರು. ಒಗೆದಿದೀನಿ. ಈ ಮನೇಲಿ ಇನ್ನು ಬಿಳಿ ಚಾದರ ಇಲ್ಲ."

ಭರ್ಪಾಯಿ ಅಭ್ಯಾಸಬಲದಿಂದ ಬಾಯಿ ತೆರೆದಳು. "ಸೊಸೆ ಏನಂತಾಳೆ ಅಂದ್ರೆ..."

"ಕೇಳಿಸ್ತು," ಎಂದ ರಿಸಾಲ್.