ಗಿಣ್ಣದ ಬೋಗುಣಿ

ಗಿಣ್ಣದ ಹಾಲು ಬಂದಿದ್ದ ಬೋಗುಣಿಯನ್ನು ಲುಂಬಿನಿ ಕಟ್ಟೆಯ ಮೇಲೆ ಮರಳಿ ಇಟ್ಟಳು. ಆದರೆ ಎಂದಿನಂತೆ ಇಟ್ಟು ಹೋಗಲಿಲ್ಲ, ಅಲ್ಲೇ ನಿಂತಳು. ಬಾಗಿಲಿಗೆ ಒರಗಿ ಕುಳಿತಿದ್ದ ವಾರಗಿತ್ತಿ ಶಿವಕಾಂತಮ್ಮ ಅದನ್ನು ಹತ್ತಿರ ಎಳೆದುಕೊಂಡಳೇ ಹೊರತು ಮೇಲೆ ಮುಚ್ಚಿದ್ದ ತಟ್ಟೆ ತೆಗೆಯಲಿಲ್ಲ. ತನ್ನ ಎಮ್ಮೆ ಈದು ಮೂರು ದಿನ, ಅವಳಿಗೆ ನಿದ್ದೆಯಿಲ್ಲ. ಇನ್ನೊಂದು ನೋವು ನೋಡುವ ಶಕ್ತಿ ಇರಲಿಲ್ಲ.

ಗಿಣ್ಣದ ಹಾಲು ಕಳಿಸಿದ ಪಾತ್ರೆಯನ್ನು ತೊಳೆದು ಮರಳಿಸಬಾರದು. ತೊಳೆದರೆ, ನಿಮ್ಮ ಎಮ್ಮೆಯ ಹಾಲು ಬತ್ತಲಿ ಎಂದ ಹಾಗೆ. ಇದು ಊರಿಗೆಲ್ಲ ಗೊತ್ತು. ಆದರೆ ಜಗಳವಾಡಿ ಬೇರೆ ಒಲೆ ಹೂಡಿದ ಈ ಒಂದು ವರ್ಷದಲ್ಲಿ, ಈ ಮನೆಯಿಂದ ಹೋದ ಪ್ರತಿ ಪಾತ್ರೆಯನ್ನೂ ಲುಂಬಿನಿ ಬೂದಿ ಹಾಕಿ ತಿಕ್ಕಿ, ಜಿಡ್ಡಿನ ಗುರುತೂ ಉಳಿಯದಂತೆ ಬೆಳಗಿ, ಹೊಸ್ತಿಲು ತುಳಿಯದೆ ಕಟ್ಟೆಯ ಮೇಲೆ ಇಟ್ಟು ಹೋಗಿದ್ದಳು.

ಶಿವಕಾಂತಮ್ಮ ಕೊನೆಗೂ ತಟ್ಟೆ ಸರಿಸಿದಳು. ಅದೇ ಬೋಗುಣಿಯಲ್ಲಿ ಬೇಯಿಸಿದ ಗಿಣ್ಣ ಅಂಚಿನ ಸುತ್ತ ಹಳದಿಯಾಗಿ ಅಂಟಿಕೊಂಡಿತ್ತು. ನೀರು ಸೋಕಿರಲಿಲ್ಲ. ಅವಳು ಉಗುರಿನಿಂದ ಒಂದಿಷ್ಟು ಕೆರೆದು ಬಾಯಿಗೆ ಹಾಕಿಕೊಂಡಳು.

"ಏಲಕ್ಕಿ ಹಾಕಿಲ್ಲೇನು?"

"ಮನ್ಯಾಗ ಇದ್ದಿಲ್ಲಕ್ಕ."

"ಸುಲೇಪೇಟದಿಂದ ತಂದಿದ್ದು ಒಳಗ ಡಬ್ಬ್ಯಾಗ ಅದ. ಹೋಗಿ ತಗೋ. ನನಗ ಏಳಲಾಕ ಆಗವಲ್ದು."

ಲುಂಬಿನಿ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟಳು.