ಅವಲಕ್ಕಿ ಸರ

ನಮ್ಮ ಕುದ್ರುವಿನ ಹಳೆಯ ಫೋಟೋಗಳನ್ನೆಲ್ಲ ಒಟ್ಟುಮಾಡಿ ಶಾಲೆಯ ಗೋಡೆಗೆ ತೂಗುಹಾಕಿದವನು ನಾನೇ. ನದಿಯ ನಡುವಿನ ಆ ತುಂಡು ನೆಲದಲ್ಲಿ ಹಿಂದೆ ಬಂಗಾರವಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಫೋಟೋ ತೆಗೆಯುವವನು ದೋಣಿಯಲ್ಲಿ ಬಂದ ದಿನ ಹೆಂಗಸರೆಲ್ಲ ನನ್ನ ಅಜ್ಜಿಯ ಅವಲಕ್ಕಿ ಸರವನ್ನೇ ಒಬ್ಬರಾದ ಮೇಲೊಬ್ಬರು ಹಾಕಿಕೊಂಡು ಕೂರುತ್ತಿದ್ದರು. ಹಾಗಾಗಿ ಎಲ್ಲ ಕೊರಳಲ್ಲೂ ಅದೇ ಸರ. ಕೊನೆಯ ಫೋಟೋದ ಕೆಳಗೆ ನಾನೊಂದು ಚೀಟಿ ಅಂಟಿಸಿದ್ದೆ: 'ಮರುವರ್ಷ ಈ ಸರವನ್ನು ಕೆಲಸದ ಬಾಗಿ ಕದ್ದಳು. ಅಜ್ಜ ಅವಳನ್ನು ಅದೇ ದಿನ ಮಗುವಿನ ಸಮೇತ ದೋಣಿ ಹತ್ತಿಸಿ ಕಳಿಸಿದರು.'

ಊರವರೆಲ್ಲ ಫೋಟೋ ನೋಡಲು ಬಂದ ದಿನ ಮಧ್ಯಾಹ್ನ ಆಚೆ ದಡದಿಂದ ಬಾಗಿಯ ಮಗಳು ಬಂದರು. ಅರುವತ್ತು ದಾಟಿದ ಹೆಂಗಸು.

"ಆ ಚೀಟಿ ತೆಗೀಬೇಕಿತ್ತು," ಎಂದರು.

"ನಡೆದದ್ದನ್ನೇ ಬರೆದದ್ದಲ್ವಾ?"

ಅವರು ಚೀಲದಿಂದ ನಡುವೆ ಮಡಚಿದ ಫೋಟೋ ಒಂದನ್ನು ತೆಗೆದುಕೊಟ್ಟರು. ಕಾಣುತ್ತಿದ್ದ ಅರ್ಧದಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಕುರ್ಚಿಯಲ್ಲಿ ಕೂತಿದ್ದಳು. ಕೊರಳಲ್ಲಿ ನಮ್ಮ ಸರ.

"ನೋಡಿ, ಸಿಕ್ಕಿತು," ಎಂದೆ, ಎಲ್ಲರಿಗೂ ಕೇಳಿಸುವ ಹಾಗೆ. "ನಿಮ್ಮಮ್ಮ ಇವರಿಗೆ ಮಾರಿದ್ದಾ?"

ಫೋಟೋ ನೋಡುತ್ತಿದ್ದವರೆಲ್ಲ ನಮ್ಮ ಸುತ್ತ ಬಂದು ನಿಂತರು.

"ಪೇಟೆಯಲ್ಲಿ ಇವರ ಮನೆಯಲ್ಲಿ ನಾನು ಎಂಟು ವರ್ಷ ಪಾತ್ರೆ ತೊಳೆದಿದ್ದೇನೆ," ಎಂದರು ಅವರು. "ಅಮ್ಮನ ಮೇಲೆ ಕಳವು ಹೊರಿಸಿದ ಸುದ್ದಿ ಕೇಳಿ ಅವರೇ ಕೊಟ್ಟದ್ದು ಇದು. ಮಡಿಕೆ ಬಿಡಿಸಿ ನೋಡಿ ಒಮ್ಮೆ."

ಬಿಡಿಸಿದೆ. ಆ ಹೆಂಗಸಿನ ಹೆಗಲ ಮೇಲೆ ಕೈಯಿಟ್ಟು ನನ್ನ ಅಜ್ಜ ನಿಂತಿದ್ದರು.